ಬೆಕ್ಕಿಗೆ ಹೇಳಿದ ಮಾತು

ನನಗೆ ಒಂದು ಭಾಷೆಯ ಮೇಲೆ ಹೊಟ್ಟೆಕಿಚ್ಚಿದೆ. ಮನುಷ್ಯರ ಮೇಲಿನ ಹೊಟ್ಟೆಕಿಚ್ಚು ಎಲ್ಲರಿಗೂ ಗೊತ್ತಿರುವಂಥದ್ದೇ. ಓರಗಿತ್ತಿಯ ಬಳೆ, ಪಕ್ಕದ ಮನೆಯವರ ಹೊಸ ಅಡುಗೆಮನೆ, ಯಾರದೋ ಮಗನಿಗೆ ಸಿಕ್ಕ ಕಾಲೇಜು, ಇವಕ್ಕೆಲ್ಲ ನಾನೂ ಉರಿದುಕೊಂಡಿದ್ದೇನೆ, ನಾಲ್ಕು ದಿನ ಕಳೆದ ಮೇಲೆ ಮರೆತಿದ್ದೇನೆ. ಭಾಷೆಯ ಮೇಲಿನದು ಹಾಗೆ ಮರೆಯಲು ಬಿಡುವುದಿಲ್ಲ, ಯಾಕೆಂದರೆ ಅದು ದಿನಾ ಎದುರಿಗೆ ಬಂದು ನಿಲ್ಲುತ್ತದೆ. ರಾಕ್‌ವಿಲ್‌ನ ನಮ್ಮ ಮನೆಯಿಂದ ಬ್ಯಾಂಕಿಗೋ ಕರೆಂಟ್ ಕಂಪನಿಗೋ ಫೋನು ಮಾಡಿದರೆ ಸಾಕು, ಇಂಗ್ಲಿಷ್ ಬೇಕಾದರೆ ಒಂದು ಒತ್ತಿ, ಸ್ಪ್ಯಾನಿಷ್ ಬೇಕಾದರೆ ಎರಡು ಒತ್ತಿ ಎಂದು ಆ ಕಡೆಯ ಧ್ವನಿ ಹೇಳುತ್ತದೆ. ಒಂದು ಸಲ ಸಿಟ್ಟಿಗೆ ಮೂರು ಒತ್ತಿದೆ. ಅಂಥ ಆಯ್ಕೆಯೇ ಇಲ್ಲವೆಂದು ಹೇಳಿ ಅದು ಮತ್ತೆ ಮೊದಲಿನಿಂದ ಶುರು ಮಾಡಿತು.

ಡಾಕ್ಟರ ಕ್ಲಿನಿಕ್ಕಿನ ಗೋಡೆಯ ಮೇಲೆ ಸ್ಪ್ಯಾನಿಷ್, ಬಸ್ಸಿನ ಬಾಗಿಲ ಮೇಲೆ ಸ್ಪ್ಯಾನಿಷ್, ನೆಲ ಒದ್ದೆಯಾಗಿದೆ ಜೋಪಾನ ಎನ್ನುವ ಹಳದಿ ಬೋರ್ಡಿನ ಮೇಲೂ ಸ್ಪ್ಯಾನಿಷ್. ನಮ್ಮ ಕನ್ನಡಕ್ಕೆ ಈ ಊರಿನಲ್ಲಿದ್ದ ಜಾಗವೆಂದರೆ ಕಮ್ಯುನಿಟಿ ಸೆಂಟರಿನ ಒಂದು ಕೋಣೆ, ಅದೂ ಭಾನುವಾರ ಬೆಳಿಗ್ಗೆ. ಅಲ್ಲಿ ನಾನು ವರ್ಷಗಟ್ಟಲೆ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ್ದೇನೆ. ಕುರ್ಚಿಗಳನ್ನು ನಾವೇ ಹಾಕಿ ನಾವೇ ಮಡಚಿಡಬೇಕು. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಅದೇ ಮಕ್ಕಳು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡ ಕನ್ನಡ ಪದ್ಯವನ್ನು ವೇದಿಕೆಯ ಮೇಲೆ ಓದುತ್ತಾರೆ, ನಾವು ಚಪ್ಪಾಳೆ ತಟ್ಟಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಲ್ಲುತ್ತೇವೆ. ನಮ್ಮ ಭಾಷೆಗೆ ಸಾವಿರದ ಐನೂರು ವರ್ಷ ಆಯಿತು, ಆಗ ಸ್ಪ್ಯಾನಿಷ್ ಇನ್ನೂ ಹುಟ್ಟಿರಲಿಲ್ಲ ಎಂದು ಗಂಡನ ಮುಂದೆ ಕೂಗಾಡಿದರೆ, ಅದನ್ನು ಆ ಫೋನಿನವಳಿಗೆ ಹೇಳು ಎಂದು ಅವರು ಟೀವಿಯ ಕಡೆ ತಿರುಗುತ್ತಾರೆ.

ಫೋನು, ಬೋರ್ಡು ಇವಕ್ಕೆಲ್ಲ ಹೇಗೋ ಹೊಂದಿಕೊಂಡೇನು. ಆದರೆ ಆ ಭಾಷೆ ನನ್ನ ಮಗಳನ್ನೂ ಕರೆದುಕೊಂಡು ಹೋಯಿತಲ್ಲ, ಅದನ್ನು ಹೊಟ್ಟೆಗೆ ಹಾಕಿಕೊಳ್ಳಲಾಗಲಿಲ್ಲ.

ನಮಗಿರುವವಳು ಒಬ್ಬಳೇ ಮಗಳು. ಮಿಡ್ಲ್ ಸ್ಕೂಲಿನಲ್ಲಿ ಯಾವುದಾದರೂ ಒಂದು ಭಾಷೆ ತೆಗೆದುಕೊಳ್ಳಬೇಕು ಎಂದಾಗ ಅವಳು ಸ್ಪ್ಯಾನಿಷ್ ತೆಗೆದುಕೊಂಡಳು. ಮಾರ್ಕ್ಸಿಗೆ ಸುಲಭ ಎಂದು ನಾವೂ ಖುಷಿಪಟ್ಟೆವು. ಅದು ಮಾರ್ಕ್ಸಿಗೆ ನಿಲ್ಲಲಿಲ್ಲ. ಕಾಲೇಜಿನಲ್ಲೂ ಅದನ್ನೇ ಓದಿದಳು, ಕೊನೆಗೆ ಶ್ಯಾಂಟಿಲಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ಟೀಚರ್ ಆದಳು. ಕನ್ನಡ ಅವಳಿಗೆ ಕೇಳಿದರೆ ಪೂರ್ತಿ ಅರ್ಥವಾಗುತ್ತದೆ, ಮಾತಾಡಲೂ ಬರುತ್ತದೆ, ಓದಲು ಮಾತ್ರ ಬರುವುದಿಲ್ಲ. ನನ್ನದೇ ಭಾನುವಾರದ ಕ್ಲಾಸಿನಲ್ಲಿ ಒತ್ತಕ್ಷರದ ತನಕ ಬಂದು, ಸಾಕಮ್ಮ ಎಂದು ಎದ್ದು ಹೋದವಳು ಅವಳು.

ನಾನು ಹಗಲು ಲ್ಯಾಬಿನಲ್ಲಿ ದುಡಿದು ಸಂಜೆ ಕನ್ನಡದಲ್ಲಿ ಕತೆ ಬರೆಯುವವಳು. ಮೈಸೂರಿನಲ್ಲಿ ಅಚ್ಚಾದ ನನ್ನದೊಂದು ಕಥಾಸಂಕಲನವಿದೆ. ಅದರ ಪ್ರತಿಗಳು ನಮ್ಮ ಬೇಸ್‌ಮೆಂಟಿನಲ್ಲಿ ರಟ್ಟಿನ ಡಬ್ಬಗಳಲ್ಲಿವೆ, ಒಂದು ಪ್ರತಿ ಮಗಳ ಕಪಾಟಿನಲ್ಲಿದೆ. ಕಪಾಟಿನ ತುಂಬ ಸ್ಪ್ಯಾನಿಷ್ ಪುಸ್ತಕಗಳು, ಓದಿ ಓದಿ ಬೆನ್ನು ಬಿಟ್ಟುಕೊಂಡವು, ಕಾಫಿ ಕಲೆಯಾದವು. ಅವುಗಳ ನಡುವೆ ನನ್ನದು ಹೊಸ ಮದುವಣಗಿತ್ತಿಯ ಹಾಗೆ ನೆಟ್ಟಗೆ ನಿಂತಿದೆ, ಒಂದು ಪುಟವೂ ಮಡಚಿಲ್ಲ. ನನಗೆ ಪ್ರಶಸ್ತಿ ಬೇಡ, ವಿಮರ್ಶೆ ಬೇಡ. ನಾನು ಕಣ್ಣು ಮುಚ್ಚುವುದರೊಳಗೆ ನನ್ನ ಮಗಳು ನನ್ನ ಕತೆಗಳನ್ನು ತಿಳಿದುಕೊಳ್ಳಬೇಕು. ನನ್ನ ಆಸೆ ಇಷ್ಟೇ, ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ.

ಎರಡು ಸಾವಿರದ ಇಪ್ಪತ್ತರಲ್ಲಿ ಶಾಲೆಗಳೆಲ್ಲ ಮುಚ್ಚಿದಾಗ ಅವಳು ತನ್ನ ಅಪಾರ್ಟ್‌ಮೆಂಟ್ ಬಿಟ್ಟು ಮನೆಗೆ ಬಂದಳು. ಹಳೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಮಾಡುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ಯಾವುದೋ ಪದ್ಯ ಓದುತ್ತಿದ್ದಳು. ನನಗೆ ಒಂದಕ್ಷರ ತಿಳಿಯದು, ಆದರೂ ಅದು ಒಳ್ಳೆಯ ಪದ್ಯ ಎಂದು ಗೊತ್ತಾಯಿತು. ಮಾತುಗಳು ಒಂದರ ಕೈ ಒಂದು ಹಿಡಿದುಕೊಂಡು ಬರುತ್ತಿದ್ದವು. ನಡುವೆ ಓದು ನಿಂತಿತು. ಬಗ್ಗಿ ನೋಡಿದರೆ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಪರದೆಯ ಮೇಲಿನ ಹುಡುಗರು ಸುಮ್ಮನೆ ಕಾಯುತ್ತಿದ್ದಾರೆ. ಅವಳು ಕನ್ನಡದ ಒಂದು ಸಾಲಿಗೆ ಅತ್ತಿದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ನನ್ನ ಹೊಟ್ಟೆಯಲ್ಲಿ ಒಗ್ಗರಣೆ ಸಿಡಿದ ಹಾಗಾಯಿತು.

ಆಮೇಲೆ ಊಟದ ಹೊತ್ತಿಗೆ ಆ ಪದ್ಯದ ಬಗ್ಗೆ ಅವಳೇ ಹೇಳತೊಡಗಿದಳು. ಆ ಭಾಷೆಯಲ್ಲಿ ಇಪ್ಪತ್ತು ದೇಶಗಳು ಬರೆಯುತ್ತವೆ, ಒಂದು ದೇಶದಲ್ಲಿ ಬರೆದ ಸಾಲನ್ನು ಮರುದಿನ ಇನ್ನೊಂದು ದೇಶದ ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಾರೆ, ಸಮುದ್ರದ ಆಚೆಯಿಂದ ಗೆದ್ದವರು ತಂದು ಹೇರಿದ ಭಾಷೆಯನ್ನು ಸೋತವರ ಮಕ್ಕಳು ತಮ್ಮದೇ ಮಾಡಿಕೊಂಡು, ಗೆದ್ದವರಿಗಿಂತ ಚೆನ್ನಾಗಿ ಅದರಲ್ಲಿ ಬರೆದರು. ಹೇಳುವಾಗ ಅವಳ ಮುಖ ನೋಡಬೇಕಿತ್ತು. ಕೇಳಲು ಚೆನ್ನಾಗಿತ್ತು, ಅದೇ ನನ್ನ ಕಷ್ಟ. ನಾನು ತಡೆದುಕೊಳ್ಳಲಾಗದೆ, ನಮ್ಮ ಮನೆಯಲ್ಲೂ ಬರೆಯುವವಳು ಒಬ್ಬಳಿದ್ದಾಳೆ, ಅವಳದ್ದೂ ಒಂದು ಕತೆ ಕೇಳು ಎಂದೆ. ಸರಿ ಎಂದಳು. ಅವಳಿಗೆ ಸುಲಭವಾಗಲಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ನನ್ನ ಸಂಕಲನದ ಮೊದಲ ಕತೆ ಅದು. ಮೈಸೂರಿನ ಒಂದು ಮನೆಯಲ್ಲಿ ಇಬ್ಬರು ಓರಗಿತ್ತಿಯರು. ಹಬ್ಬದ ದಿನ ಕಿರಿಯವಳು ಪುಳಿಯೋಗರೆ ಗೊಜ್ಜಿಗೆ ಬೆಲ್ಲ ಜಾಸ್ತಿ ಹಾಕಿದಳೆಂದು ಹಿರಿಯವಳು ಏನೋ ಅಂದಳು, ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಆದರೆ ಒಂದೇ ಅಡುಗೆಮನೆ, ಮಾತಿಲ್ಲದೆ ನಡೆಯುವುದಿಲ್ಲ. ಅದಕ್ಕೆ ಇಬ್ಬರೂ ಮನೆಯ ಬೆಕ್ಕಿಗೆ ಹೇಳುತ್ತಾರೆ. ‘ಬೆಕ್ಕೇ, ನಲ್ಲಿಯಲ್ಲಿ ನೀರು ಬಂತು, ಬೇಕಾದವರು ಹಿಡಿದುಕೊಳ್ಳಲಿ.’ ‘ಬೆಕ್ಕೇ, ಬೇಕಾದವರ ಕೊಡ ಆಗಲೇ ತುಂಬಿದೆ.’ ವರ್ಷಗಳು ಹೀಗೇ ಕಳೆಯುತ್ತವೆ. ಕೊನೆಗೊಂದು ಬೆಳಿಗ್ಗೆ ಹಿತ್ತಲಿನಲ್ಲಿ ಬೆಕ್ಕು ಸತ್ತುಬಿದ್ದಿರುವುದು ಹಿರಿಯವಳಿಗೆ ಕಾಣುತ್ತದೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಹೇಳಬೇಕು, ಯಾರಿಗೆ ಹೇಳುವುದು?

ಮಗಳು ತಾಳ್ಮೆಯಿಂದ ಕೇಳಿದಳು. ಕೇಳಿ, ಅವರಿಬ್ಬರೂ ಯಾಕೆ ನೇರವಾಗಿ ಮಾತಾಡಲಿಲ್ಲ, ಈಗಾದರೆ ಕೌನ್ಸೆಲಿಂಗ್ ಇದೆ ಎಂದಳು. ನಾನು ಎದ್ದು ನನ್ನ ತಟ್ಟೆ ತೊಳೆದಿಟ್ಟೆ. ಸಿಂಕಿನ ಕಡೆ ಮುಖ ಮಾಡಿಕೊಂಡೇ, ಕಂಡವರ ಭಾಷೆಗೆ ಕಣ್ಣೀರು ಹಾಕುತ್ತೀಯ, ನಿನ್ನ ಅಮ್ಮನ ಕತೆಗೆ ಕೌನ್ಸೆಲಿಂಗಾ ಎಂದೆ. ಅವಳೂ ನನ್ನ ಮಗಳೇ ತಾನೆ, ಸಿಟ್ಟು ಎಲ್ಲಿಂದ ಬರಬೇಕೋ ಅಲ್ಲಿಂದಲೇ ಬಂದಿದೆ. ಕೋಣೆಯ ಬಾಗಿಲು ಹಾಕಿಕೊಂಡಳು.

ಸುಮಾರು ದಿನ ನಮ್ಮಿಬ್ಬರಿಗೂ ಮಾತಿರಲಿಲ್ಲ. ಊಟಕ್ಕೆ ಮೂವರೂ ಒಟ್ಟಿಗೆ ಕೂರುತ್ತಿದ್ದೆವು. ಮಗಳು ಎದುರಿಗೇ ಕೂತಿದ್ದರೂ ನಾನು ಗಂಡನಿಗೆ, ರೀ, ಅವಳಿಗೆ ಹೇಳಿ, ಸಾರು ಇನ್ನೂ ಇದೆ ಎಂದು ಹೇಳುತ್ತಿದ್ದೆ. ಅವಳು ಅಪ್ಪನಿಗೆ, ಅಮ್ಮನಿಗೆ ಹೇಳಪ್ಪ, ನಂಗೆ ಸಾಕು ಎನ್ನುತ್ತಿದ್ದಳು. ಪಾಪ, ಅವರು ಒಂದು ಸಲ ಇತ್ತ, ಒಂದು ಸಲ ಅತ್ತ ಕತ್ತು ತಿರುಗಿಸುತ್ತಾ ಮೊಸರನ್ನ ಕಲಸುತ್ತಿದ್ದರು. ಒಂದು ದಿನ ಅವರಿಗೂ ತಲೆಕೆಟ್ಟಿತು. ಅನ್ನದ ಕೈ ತಟ್ಟೆಯಲ್ಲೇ ಬಿಟ್ಟು ನನ್ನನ್ನು ನೋಡಿ ಕೇಳಿದರು:

“ನಾನೇನು ನಿನ್ನ ಕತೆಯ ಬೆಕ್ಕೇನೇ?”

ಮಗಳು ಫಕ್ಕನೆ ನಕ್ಕಳು. ನಗುತ್ತಾ ನಗುತ್ತಾ ನಿಲ್ಲಿಸಿ, ಅಪ್ಪನ ಮುಖ ನೋಡಿ, ನನ್ನ ಮುಖ ನೋಡಿ, ಓ, ಇದಾ ಅದು ಎಂದಳು. ಅವತ್ತು ಅವಳಿಗೆ ಕತೆ ಅರ್ಥವಾಯಿತು. ಮಾತು ಮತ್ತೆ ಶುರುವಾಯಿತು, ಶಾಲೆ ತೆರೆದ ಮೇಲೆ ಅವಳು ತನ್ನ ಅಪಾರ್ಟ್‌ಮೆಂಟಿಗೆ ಹೋದಳು, ನನ್ನ ಪುಸ್ತಕ ಮಾತ್ರ ಅವಳ ಕಪಾಟಿನಲ್ಲಿ ಮೊದಲಿನ ಹಾಗೇ ನಿಂತಿತ್ತು.

ಎರಡು ಮೂರು ವರ್ಷದ ನಂತರ ಒಂದು ಭಾನುವಾರ ಅವಳು ಮನೆಗೆ ಬಂದು, ಆ ಬೆಕ್ಕಿನ ಕತೆ ಬೇಕು ಎಂದಳು. ಕೈ ಒರೆಸಿಕೊಂಡು ಪುಸ್ತಕ ತರಲು ಹೊರಟವಳಿಗೆ ಉಳಿದದ್ದನ್ನೂ ಹೇಳಿದಳು. ಏಪ್ರಿಲ್‌ನಲ್ಲಿ ಲೈಬ್ರರಿಯಲ್ಲಿ ಸ್ಪ್ಯಾನಿಷ್ ಭಾಷೆಯ ಹಬ್ಬವಂತೆ. ಒಬ್ಬೊಬ್ಬರೂ ತಮ್ಮ ಮನೆಯಿಂದ ಏನನ್ನಾದರೂ ತಂದು ಸ್ಪ್ಯಾನಿಷ್‌ನಲ್ಲಿ ಓದಬೇಕಂತೆ, ಅವಳು ನನ್ನ ಕತೆಯನ್ನು ಓದುತ್ತಾಳಂತೆ. ಸವತಿ ಮದುವೆಗೆ ಹೋಗುತ್ತಿದ್ದಾಳೆ, ನಿನ್ನ ಧಾರೆ ಸೀರೆ ಕೊಡು ಎಂದು ಕೇಳಿದ ಹಾಗಾಯಿತು. ಜೀವಮಾನದಲ್ಲಿ ಮೊದಲ ಸಲ ಮಗಳು ತಾನಾಗಿ ನನ್ನ ಕತೆ ಬೇಕೆನ್ನುತ್ತಿದ್ದಾಳೆ, ಅದೂ ಆ ಭಾಷೆಗೆ ಕೊಡುವುದಕ್ಕೆ. ಆಗುವುದಿಲ್ಲ ಎಂದುಬಿಟ್ಟೆ. ಮಧ್ಯಾಹ್ನವಿಡೀ ಪಾತ್ರೆಗಳನ್ನು ಸದ್ದು ಮಾಡುತ್ತಾ ಇಟ್ಟೆ. ಸಂಜೆ ಅವಳು ಹೊರಡುವ ಹೊತ್ತಿಗೆ ಪುಸ್ತಕ ಹಿಡಿದು ಅಡುಗೆಮನೆಯ ಟೇಬಲ್ಲಿಗೆ ಬಂದು ಕೂತೆ. ಕೊಡದೆ ಇದ್ದರೆ ನಷ್ಟ ಯಾರಿಗೆ ಎಂದು ನನಗೂ ಗೊತ್ತಿತ್ತು.

ಆಮೇಲಿನ ಭಾನುವಾರಗಳು ಹಾಗೆ ಕಳೆದವು. ನಾನು ಒಂದು ವಾಕ್ಯ ಗಟ್ಟಿಯಾಗಿ ಓದುವುದು, ಅವಳು ಕಣ್ಣು ಮುಚ್ಚಿ ಕೇಳುವುದು, ಆಮೇಲೆ ಬರೆದುಕೊಳ್ಳುವುದು. ಅವಳು ಅರ್ಥ ಕೇಳಿದಾಗಲೆಲ್ಲ ನಾನು ಅಭ್ಯಾಸದ ಮೇಲೆ ಇಂಗ್ಲಿಷಿಗೆ ಜಾರುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ.

“ಇಂಗ್ಲಿಷಲ್ಲಿ ಬೇಡ ಅಮ್ಮ. ಇಂಗ್ಲಿಷ್‌ಗೆ ಹೋದ್ರೆ ಬೆಕ್ಕು ಮೊದಲೇ ಸತ್ತೋಗತ್ತೆ. ಕನ್ನಡದಲ್ಲೇ ಎಕ್ಸ್‌ಪ್ಲೇನ್ ಮಾಡು.”

ಹಿತ್ತಲು ಎಂದರೆ ಏನು, ಹಂಗಿಸುವುದಕ್ಕೂ ಬೈಯುವುದಕ್ಕೂ ಏನು ವ್ಯತ್ಯಾಸ, ದೊಡ್ಡವರ ಮುಂದೆ ಗೊಣಗುವುದು ಹೇಗೆ, ಎಲ್ಲವನ್ನೂ ಕನ್ನಡದಲ್ಲೇ ಹೇಳಿಸಿದಳು. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅಲ್ಲಿಯ ಮಾತು ಸಿಕ್ಕಿರುತ್ತಿತ್ತು. ಹಿತ್ತಲು ಸಿಕ್ಕಿತು, ಹಿರಿಯವಳ ಕೊಂಕು ಸಿಕ್ಕಿತು, ಹಬ್ಬದ ಅಡುಗೆಯ ಜಗಳವಂತೂ ಕೇಳುವುದೇ ಬೇಡ, ಅಲ್ಲಿ ಅದಕ್ಕೆ ಹತ್ತು ಬಗೆಯ ಮಾತಿದೆಯಂತೆ. ಬೆಕ್ಕಿಗೆ ಹೇಳುವುದೂ ಅವರಿಗೆ ಹೊಸದಲ್ಲ, ಅವರಲ್ಲಿ ಅತ್ತೆಯಂದಿರು ದೇವರ ಪಟಕ್ಕೆ ಹೇಳುತ್ತಾರಂತೆ, ಸೊಸೆಗೆ ಕೇಳಲಿ ಎಂದು. ಸಿಕ್ಕಿತಾ ಎಂದು ಕೇಳುವುದು, ಅವಳು ತಲೆಯಾಡಿಸುವುದು. ಇಷ್ಟು ಸಲೀಸಾಗಿ ಸಿಗುತ್ತಿದೆಯಲ್ಲ ಎಂದು ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ನಮ್ಮದೇ ಆದದ್ದು, ಅಲ್ಲಿ ಇಲ್ಲದ್ದು ಏನೂ ಇಲ್ಲವೇ? ಕೊನೆಗೆ ಮಡಿ ಬಂತು. ಹಿರಿಯವಳು ಮಡಿಯಲ್ಲಿದ್ದಾಳೆ, ಬೆಕ್ಕು ಸೀರೆಗೆ ತಾಗಿತೆಂದು ಮತ್ತೆ ಸ್ನಾನಕ್ಕೆ ಹೋಗುತ್ತಾಳೆ. ಆ ಮಡಿಗೆ ಅಲ್ಲಿ ಏನೂ ಸಿಗಲಿಲ್ಲ. ಪೆನ್ನು ಕಚ್ಚಿಕೊಂಡು ಕೂತಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಹೋಗಿ ಅವಳಿಗೆ ಇನ್ನೊಂದು ಲೋಟ ಕಾಫಿ ಮಾಡಿದೆ. ಅವಳು ಮಡಿಯನ್ನು ಮಡಿ ಎಂದೇ ಬರೆದುಕೊಂಡಳು.

ಕಾಫಿ ಕೊಡುತ್ತಾ, ಸುಸ್ತಾಯಿತೇನಮ್ಮ ಎಂದು ತಲೆ ಸವರಿದೆ. ಅವಳು ಆ ಅಮ್ಮ ಎಂಬ ಮಾತನ್ನೇ ಹಿಡಿದುಕೊಂಡಳು. ಚಿಕ್ಕವಳಿದ್ದಾಗ ನಾನು ಸ್ಕೂಲಿನ ಗೇಟಿನಲ್ಲಿ ಬಾರಮ್ಮ, ಹೋಗೋಣಮ್ಮ ಎಂದು ಕೂಗಿದರೆ, ನಿನ್ನ ಅಮ್ಮ ನಿನ್ನನ್ನೇ ಅಮ್ಮ ಎನ್ನುತ್ತಾಳೆ ಎಂದು ಹುಡುಗಿಯರು ನಗುತ್ತಿದ್ದರಂತೆ. ಯಾಕೆ ಹಾಗೆ ಎಂದು ಅವಳಿಗೆ ಹೇಳಲು ಬರುತ್ತಿರಲಿಲ್ಲ. ಆಮೇಲೆ ಒಂದು ದಿನ ಒಬ್ಬ ಗೆಳತಿಯ ಮನೆಗೆ ಆಡಲು ಹೋದಳು. ಆ ಗೆಳತಿಯ ತಾಯಿ ಎಲ್ ಸಾಲ್ವಡಾರಿನವರು, ಮನೆಮಾತು ಸ್ಪ್ಯಾನಿಷ್. ಅವರು ಮಗಳಿಗೆ ಬಡಿಸುತ್ತಾ, ತಿನ್ನು ಮಾಮಿ, ಇನ್ನೊಂದು ಹಾಕಲಾ ಮಾಮಿ ಎನ್ನುತ್ತಿದ್ದರಂತೆ. ಮಾಮಿ ಎಂದರೆ ಅವರಲ್ಲಿ ಅಮ್ಮ. ಇವಳನ್ನೂ ಮಾಮಿ ಎಂದೇ ಕರೆದು ಬಡಿಸಿದರಂತೆ.

“ನಮ್ಮ ಮನೆ ಥರಾನೇ ಇತ್ತಮ್ಮ. ಅಲ್ಲಿ ಯಾರೂ ನಗಲಿಲ್ಲ. ಅದಕ್ಕೇ ನಾನು ಸ್ಪ್ಯಾನಿಷ್ ತಗೊಂಡಿದ್ದು.”

ನನ್ನ ಮಗಳನ್ನು ಎಳೆದುಕೊಂಡು ಹೋದದ್ದು ಇಪ್ಪತ್ತು ದೇಶಗಳ ಸಾಹಿತ್ಯ ಎಂದುಕೊಂಡಿದ್ದೆ, ಅದು ನನ್ನದೇ ಕೂಗು. ಇದನ್ನು ಕೇಳಿ ಒಳ್ಳೆಯ ತಾಯಿಯಾದರೆ ಕರಗಿಹೋಗಬೇಕಿತ್ತು. ನನಗೆ ಮಾತ್ರ ಆ ಎಲ್ ಸಾಲ್ವಡಾರಿನ ತಾಯಿಯ ಮೇಲೆ ಹೊಸದಾಗಿ ಹೊಟ್ಟೆ ಉರಿಯಿತು. ಏನು ಬಡಿಸಿದ್ದರು ಎಂದು ಕೇಳಿದೆ. ಬಿಸಿ ರೊಟ್ಟಿಯ ಥರದ್ದು, ಒಳಗೆ ಬೀನ್ಸ್ ಎಂದಳು. ಹೋಳಿಗೆಯಷ್ಟೇ, ಅದರಲ್ಲೇನು ಎಂದೆ.

ಹಬ್ಬದ ದಿನ ಶನಿವಾರ ಮಧ್ಯಾಹ್ನ ಲೈಬ್ರರಿಯ ಕೆಳಗಿನ ಹಾಲಿಗೆ ಹೋದೆವು. ಕುರ್ಚಿಗಳನ್ನು ಯಾರೋ ಆಗಲೇ ಹಾಕಿದ್ದರು, ಅದಕ್ಕೂ ನನಗೆ ಉರಿಯಿತು. ನಾನು ಮತ್ತು ನಮ್ಮವರು ಹಿಂದಿನ ಸಾಲಿನಲ್ಲಿ ಕೂತೆವು. ಮೊದಲು ಒಬ್ಬ ಮುದುಕರು ಎದ್ದು ಬಂದು ಕೈಯಲ್ಲಿ ಹಾಳೆಯಿಲ್ಲದೆ ಉದ್ದದ ಪದ್ಯವೊಂದನ್ನು ಹೇಳಿದರು. ನಡುವೆ ಅವರು ಉಸಿರು ತೆಗೆದುಕೊಳ್ಳಲು ನಿಂತರೆ ಕೂತವರು ಮುಂದಿನ ಮಾತನ್ನು ಹೇಳಿಬಿಡುತ್ತಿದ್ದರು, ನಮ್ಮ ಕಡೆ ಭಜನೆಯಲ್ಲಿ ದನಿ ಸೇರಿಸುವಂತೆ. ಎಷ್ಟೋ ದೇಶದಿಂದ ಬಂದವರು, ಒಬ್ಬರಿಗೊಬ್ಬರು ಗುರುತಿಲ್ಲದವರು, ಎಲ್ಲರ ಬಾಯಲ್ಲೂ ಅದೇ ಪದ್ಯ. ನಾನು ಕೈಕಟ್ಟಿ ಕೂತೆ. ಚಪ್ಪಾಳೆಯನ್ನು ಮಾತ್ರ ಜೋರಾಗಿಯೇ ತಟ್ಟಿದೆ, ಮನಸ್ಸಿಲ್ಲದಿದ್ದರೂ ಕೈ ತಟ್ಟಿತು.

ಆಮೇಲೆ ನನ್ನ ಮಗಳು. ಮೊದಲು ಕತೆಯ ಹೆಸರನ್ನು ಕನ್ನಡದಲ್ಲಿ ಹೇಳಿದಳು, ಮುಂದಕ್ಕೆಲ್ಲ ಸ್ಪ್ಯಾನಿಷ್. ಬೆಕ್ಕಿಗೆ ಅವರಲ್ಲಿ ಗಾತೊ ಎನ್ನುತ್ತಾರೆ. ಆ ಗಾತೊ ಒಂದನ್ನೇ ಹಿಡಿದುಕೊಂಡು ನಾನು ನನ್ನದೇ ಕತೆಯ ಹಿಂದೆ ಹೋದೆ. ನಲ್ಲಿಯಲ್ಲಿ ನೀರು ಬಂದ ಕಡೆ ಇಡೀ ಹಾಲು ಗೊಳ್ಳೆಂದು ನಕ್ಕಿತು. ಕೊಡ ತುಂಬಿದ ಕಡೆ ಇನ್ನೂ ಜೋರಾಗಿ. ಒಬ್ಬಾಕೆ ಪಕ್ಕದವಳ ತೋಳಿಗೆ ಹೊಡೆದು, ನಿಮ್ಮಮ್ಮನೇ ಎನ್ನುವ ಹಾಗೆ ಏನೋ ಹೇಳಿದಳು. ಮೈಸೂರಿನಲ್ಲಿ ಪುಸ್ತಕ ಬಿಡುಗಡೆಯಾದಾಗ ಇದೇ ಕತೆ ಓದಿದ್ದೆ, ಜನ ತೊಡೆಯ ಮೇಲೆ ಕೈಯಿಟ್ಟುಕೊಂಡು ಮರ್ಯಾದೆಯಾಗಿ ಕೇಳಿದ್ದರು, ಒಬ್ಬರೂ ಹೀಗೆ ನಕ್ಕಿರಲಿಲ್ಲ. ನನಗೆ ನನ್ನ ಕತೆಯ ಮೇಲೇ ಹೊಟ್ಟೆಕಿಚ್ಚಾಯಿತು. ನನ್ನ ಮನೆಯಲ್ಲಿ ಮೂಲೆ ಹಿಡಿದು ಕೂತಿದ್ದ ಕೂಸು ಅವರ ಮನೆಯಲ್ಲಿ ಕುಣಿಯುತ್ತಿತ್ತು.

ಕೊನೆ ಬಂತು. ಹಿರಿಯವಳು ಬಾಗಿಲಿನಲ್ಲಿ ನಿಂತು ಗೋಡೆಗೆ ಹೇಳುತ್ತಾಳೆ, ಬೆಕ್ಕು ಹೋಯಿತು. ಯಾರಿಗೆ ಹೇಳುತ್ತಿದ್ದೀರಿ ಅಕ್ಕ ಎಂದು ಕಿರಿಯವಳು ಕೇಳುತ್ತಾಳೆ. ನಿನಗೇ ಕಣೇ, ನಿನಗೇ. ಮಗಳು ಅಕ್ಕ ಎಂಬ ಮಾತನ್ನು ಹಾಗೇ ಉಳಿಸಿದ್ದಳು, ಅದು ಕೇಳಿಸಿತು. ಆ ಪದ್ಯಕ್ಕೆ ಒರೆಸಿಕೊಂಡ ಹಾಗೆಯೇ ಅವಳು ಇಲ್ಲೂ ಕಣ್ಣೊರೆಸಿಕೊಂಡಳು. ನಮ್ಮವರು ನನ್ನ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಂಡು ಕನ್ನಡಕ ಒರೆಸಿಕೊಂಡೆ.

ಕಾಫಿ ಕುಡಿಯುವಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದರು. ನನ್ನ ಎರಡೂ ಕೈ ಹಿಡಿದು ಒಂದೇ ಸಮನೆ ಮಾತಾಡಿದರು. ಅವರ ಪಕ್ಕದಲ್ಲಿ ಇಬ್ಬರು ಮೊಮ್ಮಕ್ಕಳು, ಫೋನು ನೋಡುತ್ತಾ ನಿಂತಿದ್ದರು. ಮಗಳು ಬಂದು ನನಗೆ ಕನ್ನಡದಲ್ಲಿ ಹೇಳಿದಳು. ಅಜ್ಜಿ ಕತೆಗೆ ನಗುತ್ತಿದ್ದಾಗ ಎಲ್ಲರೂ ಯಾಕೆ ನಗುತ್ತಿದ್ದಾರೆ ಎಂದು ಈ ಮಕ್ಕಳು ಇಂಗ್ಲಿಷಿನಲ್ಲಿ ಕೇಳಿದರಂತೆ. ಅವರಿಗೆ ಸ್ಪ್ಯಾನಿಷ್ ಬರುವುದಿಲ್ಲವಂತೆ. ಅಜ್ಜಿ ಹೇಳುವ ಕತೆಗಳನ್ನು ಕೇಳುವವರು ಮನೆಯಲ್ಲಿ ಯಾರೂ ಇಲ್ಲವಂತೆ.

“ಅವರಿಗೆ ನಿನ್ನ ಮೇಲೆ ಹೊಟ್ಟೆಕಿಚ್ಚಂತೆ ಅಮ್ಮ.”

ಆ ಮಾತು ಅವಳಿಗೆ ನನ್ನಿಂದಲೇ ಬಂದದ್ದು, ಮನೆಯಲ್ಲಿ ಅಷ್ಟು ಸಲ ಕೇಳಿದ್ದಾಳೆ. ನಾನು ಅಜ್ಜಿಯ ಮುಖ ನೋಡಿದೆ. ಎರಡು ಒತ್ತಿದರೆ ಸಿಗುವ ಭಾಷೆ, ಬಸ್ಸಿನ ಮೇಲಿರುವ ಭಾಷೆ, ಒಂದು ಹಾಲಿನ ತುಂಬ ಬಾಯಿಪಾಠವಿರುವ ಭಾಷೆ, ಈಕೆಯ ಪಕ್ಕದಲ್ಲೇ ನಿಂತ ಇಬ್ಬರು ಮಕ್ಕಳ ತನಕ ತಲುಪಿರಲಿಲ್ಲ. ಅವರ ಕಣ್ಣಿನಲ್ಲಿದ್ದದ್ದು ನನಗೆ ಚೆನ್ನಾಗಿ ಗುರುತಿತ್ತು. ವರ್ಷಗಳಿಂದ ಕನ್ನಡಿಯಲ್ಲಿ ಅದನ್ನೇ ನೋಡಿದ್ದೇನೆ.

ನಾನು ಅಜ್ಜಿಯ ಕೈ ಬಿಡಲಿಲ್ಲ, ಮಗಳ ಕಡೆ ತಿರುಗಲೂ ಇಲ್ಲ.

“ಅವರಿಗೆ ಹೇಳು, ನನ್ನ ಮಗಳಿಗೂ ನನ್ನ ಪುಸ್ತಕ ಓದೋಕೆ ಬರಲ್ಲ. ನಾನೇ ಓದಿ ಹೇಳ್ಬೇಕು. ಇನ್ನೂ ಪುಸ್ತಕದ ತುಂಬ ಕತೆ ಹಾಗೇ ಇದೆ.”

ಮಗಳು ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಅಜ್ಜಿ ತಲೆಯಾಡಿಸಿ ಎರಡೇ ಮಾತು ಆಡಿದರು, ಮೊಮ್ಮಗಳ ಕೂದಲು ಸರಿಮಾಡಿದರು.

“ಅವರು ಕೇಳ್ತಿದಾರೆ,” ಎಂದಳು ಮಗಳು, ಅವಳೂ ಅಜ್ಜಿಯನ್ನೇ ನೋಡುತ್ತಾ. “ಎರಡನೇ ಕತೆ ನಾಳೇನೇ ಶುರು ಮಾಡೋಣ್ವಾ ಅಂತ. ಸ್ಪ್ಯಾನಿಷ್‌ಗಲ್ಲ, ಸುಮ್ನೆ ಕೇಳೋಕೆ.”

ಆ ಅಜ್ಜಿ ಅಂಥದ್ದೇನನ್ನೂ ಕೇಳಿರಲಿಲ್ಲ. ಅಷ್ಟು ತಿಳಿಯಲು ಸ್ಪ್ಯಾನಿಷ್ ಬರಬೇಕಾಗಿರಲಿಲ್ಲ.

“ಆಗಲಿ ಅಂತ ಅವರಿಗೆ ಹೇಳಮ್ಮ,” ಎಂದೆ.